ಕೆಳಮೆಟ್ಟಿಲಿನ ಗೊಂಬೆಗಳು

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ನಮ್ಮ ಮೈಸೂರು ಸೀಮೆಯ ಮನೆಗಳಲ್ಲಿ ಒಂದು ಕ್ರಮವಿದೆ. ಮೇಲಿನ ಮೆಟ್ಟಿಲಿನಲ್ಲಿ ಕಲಶ ಮತ್ತು ಪಟ್ಟದ ಗೊಂಬೆ. ಅದರ ಕೆಳಗೆ ದೇವಾನುದೇವತೆಗಳು, ದಶಾವತಾರ, ರಾಮಪಟ್ಟಾಭಿಷೇಕ. ಇನ್ನೂ ಕೆಳಗೆ ಋಷಿಮುನಿಗಳು, ಮದುವೆ ದಿಬ್ಬಣ, ಓಲಗದವರು. ಆಮೇಲೆ ಅಕ್ಕಿ ಬೇಳೆ ರಾಶಿ ಹಾಕಿಕೊಂಡು ವ್ಯಾಪಾರಕ್ಕೆ ಕುಳಿತ ಶೆಟ್ಟಿ ದಂಪತಿಗಳು. ಕಟ್ಟಕಡೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಶಾಸ್ತ್ರವೆಲ್ಲ ಮುಗಿದಿರುತ್ತದೆ. ಅಲ್ಲಿ ಯಾರು ಬೇಕಾದರೂ ಕೂರಬಹುದು. ಬೆರಳುದ್ದದ ಪಿಂಗಾಣಿ ಮಗು, ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಎನ್ನುವ ಹಗುರಾದ ಬಿಳಿಯ ಬೊಂಬೆ, ತಲೆ ತೂಗುವ ತಂಜಾವೂರಿನ ಬೆಡಗಿ, ಮೂರೇ ಕಾಲಿನ ಕುದುರೆ, ಬಣ್ಣ ಹೋದ ಚನ್ನಪಟ್ಟಣದ ಮರದ ಹುಡುಗಿ, ಇವರೆಲ್ಲ ಒಬ್ಬರಿಗೊಬ್ಬರು ಒರಗಿಕೊಂಡು ಹಬ್ಬ ಕಳೆಯುತ್ತಾರೆ. ನೋಡಲು ಬಂದ ದೊಡ್ಡವರ ಕಣ್ಣು ಮೇಲಿನ ಮೆಟ್ಟಿಲಿನ ಮೇಲಿದ್ದರೆ, "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳಿಕೊಂಡು ಬಂದು ಬೊಂಬೆ ಬಾಗಿನಕ್ಕೆ ಕೈಯೊಡ್ಡುವ ಮಕ್ಕಳ ಕಣ್ಣು ಈ ಕೆಳಮೆಟ್ಟಿಲಿನ ಮೇಲೇ ಇರುತ್ತದೆ. ಅವರ ಎತ್ತರಕ್ಕೆ ಸಿಕ್ಕುವುದು ಅದೇ.

ಮೇಲಿನವರಿಗೆಲ್ಲ ಚರಿತ್ರೆಯಿದೆ. ವಿಜಯನಗರದ ಮಹಾನವಮಿಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣಕ್ಕೆ ತಂದದ್ದನ್ನು ಪಠ್ಯಪುಸ್ತಕವೇ ಹೇಳುತ್ತದೆ. ಮೈಸೂರಿನ ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂದೇ ಒಂದು ಭಾಗವಿದ್ದು, ಅಲ್ಲಿನ ಗೊಂಬೆಗಳನ್ನು ಪ್ರವಾಸಿಗರು ಸಾಲುಗಟ್ಟಿ ನೋಡುತ್ತಾರೆ. ರಕ್ತಚಂದನದ ಪಟ್ಟದ ಗೊಂಬೆಯಂತೂ ಸರಿಯೇ ಸರಿ, ತವರಿನವರು ಮದುವೆಯಲ್ಲಿ ಮಗಳ ಕೈಗೆ ಕೊಟ್ಟು ಕಳಿಸುವ ರಾಜ ರಾಣಿಯರು ಅವರು. ಆದರೆ ಕೆಳಮೆಟ್ಟಿಲಿನ ಈ ಪುಟಾಣಿಗಳು ಎಲ್ಲಿಂದ ಬಂದವು, ಯಾರು ತಂದರು, ಯಾವ ಕೈಗಳು ಅವುಗಳಿಗೆ ಕಣ್ಣು ಬರೆದವು ಎಂದು ಕೇಳಿದವರು ಕಡಮೆ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಈ ಪುಟ್ಟ ಗೊಂಬೆಗಳನ್ನು ಕೂಡಿಡಲು ಆರಂಭಿಸಿ ಇಪ್ಪತ್ತು ವರ್ಷದ ಮೇಲಾಯಿತು. ಒಂದು ಗೇಣಿಗಿಂತ ದೊಡ್ಡದನ್ನು ತರುವುದಿಲ್ಲ ಎಂಬುದು ನಾನೇ ಹಾಕಿಕೊಂಡ ನಿಯಮ. ಅದಕ್ಕೆ ಕಲಾದೃಷ್ಟಿಯೇನೂ ಕಾರಣವಲ್ಲ, ನಮ್ಮ ಮನೆಯ ಬೀರು ಚಿಕ್ಕದು ಅಷ್ಟೆ. ಹಳೆಯ ಮನೆ ಕೆಡವುವಾಗ, ಅಣ್ಣ ತಮ್ಮಂದಿರು ಪಾಲಾಗುವಾಗ, ಅಜ್ಜಿಯೊಬ್ಬಳು ತೀರಿಕೊಂಡು ಅವಳ ಟ್ರಂಕು ತೆಗೆದಾಗ ಇವು ಹೊರಬೀಳುತ್ತವೆ. ಪಾತ್ರೆಗೆ ಪಾಲು ಉಂಟು, ಒಡವೆಗೆ ಪಾಲು ಉಂಟು, ಪಟ್ಟದ ಗೊಂಬೆಯನ್ನೂ ಹಿರಿ ಸೊಸೆಯೋ ಹಿರಿ ಮಗಳೋ ತೆಗೆದುಕೊಳ್ಳುತ್ತಾಳೆ. ಇವನ್ನು ಕೇಳುವವರಿಲ್ಲ. ಒಂದಷ್ಟು ಗುಜರಿಯವನ ಮೂಟೆಗೆ, ಇನ್ನೊಂದಷ್ಟು ನಮ್ಮೂರಿನ ಕಪಿಲೆಗೆ. ಭಿನ್ನವಾದ ಗೊಂಬೆ ಮನೆಯಲ್ಲಿರಬಾರದಂತೆ! ಪೂಜೆಗೊಂಡ ವಿಗ್ರಹಕ್ಕೆ ಹೇಳಿದ ಮಾತನ್ನು ಮಕ್ಕಳು ಆಡಿ ಮುರಿದ ಬೊಂಬೆಗೂ ಹಚ್ಚಿದರೆ, ಮಕ್ಕಳಿದ್ದ ಯಾವ ಮನೆಯಲ್ಲಿ ಏನು ತಾನೇ ಉಳಿದೀತು?

ಪಿಂಗಾಣಿ ಮಕ್ಕಳಿಂದ ತೊಡಗುತ್ತೇನೆ. ನನ್ನಲ್ಲಿ ಇಂಥವು ಹನ್ನೊಂದಿವೆ. ಕಿರುಬೆರಳಿನಷ್ಟು ಉದ್ದ, ಮೆರುಗು ಕೊಡದೆ ಸುಟ್ಟ ಮೈ, ಗುಲಾಬಿ ಕೆನ್ನೆ, ಹಳದಿ ಕೂದಲು. ಬೆನ್ನ ಮೇಲೆ ಇರುವೆ ಸಾಲಿನಂತೆ ಅಂಕೆಗಳು, ಕೆಲವದರಲ್ಲಿ 'ಜರ್ಮನಿ' ಎಂಬ ಅಚ್ಚು. ಈ ಅಚ್ಚೇ ಒಂದು ಇತಿಹಾಸ. ಹೊರಗಿನಿಂದ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ಹೆಸರಿರುವ ಗೊಂಬೆ ಸಾಮಾನ್ಯವಾಗಿ 1891ರ ಈಚಿನದು ಎಂದು ಲೆಕ್ಕ ಹಾಕಬಹುದು. ಜರ್ಮನಿಯ ತುರಿಂಗಿಯಾ ಸೀಮೆಯಲ್ಲಿ ಸೊನ್ನೆಬರ್ಗ್ ಎಂಬ ಊರಿದೆ. 1914ಕ್ಕೆ ಮುಂಚೆ ಜಗತ್ತಿನ ಆಟದ ಸಾಮಾನಿನ ಪೇಟೆಯನ್ನು ಆಳುತ್ತಿದ್ದದ್ದು ಆ ಊರು ಮತ್ತು ಅದರ ಸುತ್ತಲಿನ ಹಳ್ಳಿಗಳು. ಆಟಿಕೆಗಳಿಗೆಂದು 1901ರಲ್ಲೇ ಅಲ್ಲೊಂದು ವಸ್ತುಸಂಗ್ರಹಾಲಯವೂ ಆಯಿತು. ಆದರೆ ಎಲ್ಲವನ್ನೂ ಕಾರ್ಖಾನೆಯೇ ಮಾಡುತ್ತಿರಲಿಲ್ಲ. ಎಷ್ಟೋ ಕೆಲಸ ಮನೆಮನೆಗೆ ಹಂಚಿಕೆಯಾಗುತ್ತಿತ್ತು. ಒಂದು ಮನೆಯಲ್ಲಿ ಕೈಕಾಲು ಜೋಡಣೆ, ಇನ್ನೊಂದರಲ್ಲಿ ಕೂದಲು, ಮತ್ತೊಂದರಲ್ಲಿ ಅಂಗಿ ಹೊಲಿಗೆ. ಅಡುಗೆ ಮಾಡುವ ಕೋಣೆಯಲ್ಲೇ ತಾಯಿ ಮಕ್ಕಳು ರಾತ್ರಿಯವರೆಗೂ ಕೂತು, ಡಜನ್ನಿಗೆ ಇಷ್ಟು ಎಂಬ ಕೂಲಿಗೆ ದುಡಿಯುತ್ತಿದ್ದರು. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಮನೆಗಳನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಡುವ ವಯಸ್ಸಿನ ಮಕ್ಕಳು ಬೇರೆ ಮಕ್ಕಳ ಆಟಕ್ಕೆ ಗೊಂಬೆ ಮಾಡುತ್ತಿದ್ದರು ಎನ್ನುವುದು ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಒಂದು ಗೊಂಬೆಯ ಎಡಗಣ್ಣು ಹುಬ್ಬಿನ ಮೇಲೆ ಹೋಗಿ ಕೂತಿದೆ. ನಿದ್ದೆಗಣ್ಣಿನಲ್ಲಿ ಬರೆದದ್ದೇ ಇರಬೇಕು ಎಂದು ನಾನು ಅಂದುಕೊಳ್ಳುತ್ತೇನೆ. ಅದನ್ನು ಸರಿಮಾಡುವ ಪ್ರಶ್ನೆಯೇ ಇಲ್ಲ.

1914ರಲ್ಲಿ ಯುದ್ಧ ಬಂತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮ ದೇಶಕ್ಕೆ ಜರ್ಮನಿ ವೈರಿರಾಷ್ಟ್ರವಾಯಿತು. ಸರಕು ನಿಂತಿತು. ಆ ಖಾಲಿ ಜಾಗಕ್ಕೆ ನುಗ್ಗಿದ್ದು ಜಪಾನು. ಒಂಬತ್ತನೇ ಕ್ಲಾಸಿಗೆ ನಾನು ಮೊದಲನೆಯ ಮಹಾಯುದ್ಧದ ಪಾಠ ಮಾಡುವಾಗ ಎರಡು ಗೊಂಬೆ ತೆಗೆದುಕೊಂಡು ಹೋಗುತ್ತೇನೆ, ಜರ್ಮನಿಯದೊಂದು, ಅದನ್ನೇ ನೋಡಿ ಜಪಾನಿನವರು ಮಾಡಿದ್ದೊಂದು. ಸಾರಯೇವೊದ ಗುಂಡಿನೇಟಿಗೂ ನಂಜನಗೂಡಿನ ಗೊಂಬೆ ಮೆಟ್ಟಿಲಿಗೂ ನಂಟಿದೆ ಎಂದರೆ ಹುಡುಗಿಯರು ನಗುತ್ತಾರೆ, ಆದರೆ ಪರೀಕ್ಷೆಯಲ್ಲಿ ಇಸವಿ ತಪ್ಪುವುದಿಲ್ಲ. ಜಪಾನಿನ ಸರಕಿನಲ್ಲೂ ಅಚ್ಚು ನೋಡಿ ಕಾಲ ಹೇಳಬಹುದು. ಅಮೆರಿಕಕ್ಕೆಂದು ಮಾಡಿದವುಗಳ ಮೇಲೆ 1921ರವರೆಗೆ 'ನಿಪ್ಪಾನ್' ಎಂದಿರುತ್ತಿತ್ತು, ಅಲ್ಲಿಂದೀಚೆಗೆ 'ಜಪಾನ್'. 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದಿದ್ದರೆ ಅದು ಸೋತ ಜಪಾನಿನಲ್ಲಿ ಪರರ ಸೈನ್ಯ ಕೂತಿದ್ದ ಕಾಲದ್ದು, 1947ರಿಂದ 1952ರ ನಡುವಿನದು. ಒಂದು ದೇಶ ತನ್ನ ಸೋಲನ್ನು ಬೊಂಬೆಯ ಬೆನ್ನ ಮೇಲೆ ಬರೆದುಕೊಂಡು ಮಾರಬೇಕಾಗಿ ಬಂದದ್ದು ಎಂಥ ವಿಚಿತ್ರ!

ಈ ಜಪಾನಿನ ಗೊಂಬೆಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು ಪಿಂಗಾಣಿಯಲ್ಲ, ಸೆಲ್ಯುಲಾಯ್ಡ್. ನಮ್ಮ ತಾಯಂದಿರು ಇದನ್ನು 'ಬೆಂಡಿನ ಬೊಂಬೆ' ಎನ್ನುತ್ತಿದ್ದರು, ಅಷ್ಟು ಹಗುರ. ಮೊಟ್ಟೆಯ ಚಿಪ್ಪಿನಷ್ಟು ತೆಳು, ಒಳಗೆ ಪೊಳ್ಳು, ಪಕ್ಕದಲ್ಲಿ ಜೋಡಣೆಯ ಗೆರೆ, ಎಲಾಸ್ಟಿಕ್ಕಿನಲ್ಲಿ ಪೋಣಿಸಿದ ಕೈಕಾಲು. ಆನೆದಂತದ ಬಿಲಿಯರ್ಡ್ ಚೆಂಡಿಗೆ ಬದಲು ಹುಡುಕುತ್ತಿದ್ದ ಅಮೆರಿಕದ ಜಾನ್ ಹಯಾಟ್ ಎಂಬಾತ 1870ರಲ್ಲಿ ಪೇಟೆಂಟ್ ಪಡೆದ ಪದಾರ್ಥ ಇದು. ಹತ್ತಿಯ ನಾರನ್ನು ಆಮ್ಲಗಳಲ್ಲಿ ಸಂಸ್ಕರಿಸಿ, ಅದಕ್ಕೆ ಐದರಲ್ಲೊಂದು ಪಾಲಿನಷ್ಟಾದರೂ ಕರ್ಪೂರ ಸೇರಿಸಿ ನಾದಿದರೆ ಸೆಲ್ಯುಲಾಯ್ಡ್. ಹೌದು, ನಮ್ಮ ಮಂಗಳಾರತಿಯ ಕರ್ಪೂರವೇ. ಹಳೆಯ ಸೆಲ್ಯುಲಾಯ್ಡ್ ಗೊಂಬೆಯನ್ನು ಬೆರಳಿನಿಂದ ಬಿಸಿಯಾಗುವಂತೆ ಉಜ್ಜಿ ಮೂಸಿ ನೋಡಿ, ದೇವರ ಮನೆಯ ವಾಸನೆ ಬರುತ್ತದೆ. ಆ ಕರ್ಪೂರದ ಮರಗಳಿದ್ದದ್ದು ತೈವಾನಿನ ಕಾಡುಗಳಲ್ಲಿ. ತೈವಾನು 1895ರಿಂದ 1945ರವರೆಗೆ ಜಪಾನಿನ ವಶದಲ್ಲಿತ್ತು. ಕರ್ಪೂರ ಕೈಯಲ್ಲಿದ್ದವನಿಗೆ ಸೆಲ್ಯುಲಾಯ್ಡ್ ಸುಲಭ. 1919ರಲ್ಲಿ ಅಲ್ಲಿನ ಎಂಟು ಸೆಲ್ಯುಲಾಯ್ಡ್ ಕಂಪನಿಗಳು ಸೇರಿ ಒಂದಾದವು. ತೋಕಿಯೋದ ಕತ್ಸುಶಿಕಾ ಭಾಗದಲ್ಲಿ ಆಟಿಕೆ ಮಾಡುವ ಕಾರ್ಖಾನೆಗಳು ಎದ್ದವು. ಪಿಂಗಾಣಿಯ ಗೊಂಬೆ ಕೈಗೆ ನಿಲುಕದ ಮನೆಗಳಿಗೂ ಹಳದಿ ಕೂದಲಿನ, ಗುಂಡು ಕೆನ್ನೆಯ ಮಗುವೊಂದು ಬಂದದ್ದು ಹೀಗೆ.

ನಮ್ಮ ಅಜ್ಜಿಯ ಹತ್ತಿರ ಅಂಥದೊಂದಿತ್ತು. ಅಮ್ಮನ ಅಮ್ಮ, ಮಂಡ್ಯದ ಕಡೆಯವರು. 1923ರಲ್ಲಿ ಹುಟ್ಟಿ ಹದಿಮೂರಕ್ಕೆ ಮದುವೆಯಾದವರು. ಮದುವೆಯ ಹಿಂದಿನ ವರ್ಷ ಅವರ ಅಪ್ಪ ದಸರಾ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದಾಗ ಕೊಡಿಸಿದ್ದಂತೆ. ಪಟ್ಟದ ಗೊಂಬೆ ಶಾಸ್ತ್ರಕ್ಕೆ ಬಂತು, ಇದು ಸೀರೆಯ ಗಂಟಿನೊಳಗೆ ಯಾರಿಗೂ ಹೇಳದೆ ಬಂತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವಾಯಿತಲ್ಲ, ನಮ್ಮ ಅಜ್ಜ ಅಲ್ಲಿಗೆ ಹೋದವರು ಖಾದಿ ತೊಟ್ಟು ಬಂದರು. ಮರುದಿನವೇ ಮನೆಯ ಪರದೇಶಿ ಸಾಮಾನೆಲ್ಲ ಅಂಗಳಕ್ಕೆ. ಸೋಪಿನ ಡಬ್ಬಿ, ಗಾಜಿನ ಬಳೆ, ಬಣ್ಣದ ಬಟ್ಟೆ, ಅಜ್ಜಿಯ ರಿಬ್ಬನ್ನು. ಹದಿನೈದು ವರ್ಷದ ಹುಡುಗಿ ಎಲ್ಲ ತಂದು ಕೊಟ್ಟಳು, ಗೊಂಬೆಯನ್ನು ಮಾತ್ರ ತೊಗರಿಬೇಳೆ ಡಬ್ಬದ ತಳದಲ್ಲಿ ಹುಗಿದಳು. ಗಂಡಸರು ಬೇಳೆ ಡಬ್ಬಕ್ಕೆ ಕೈ ಹಾಕುವುದಿಲ್ಲ ಎಂಬ ಧೈರ್ಯ. ಒಂಬತ್ತು ವರ್ಷ ಅದು ಅಲ್ಲೇ ಇತ್ತು. 1947ರ ನವರಾತ್ರಿಯಲ್ಲಿ ಅಜ್ಜಿ ಅದನ್ನು ತೆಗೆದು, ಮೈ ಒರೆಸಿ, ಕೆಳಮೆಟ್ಟಿಲಿನ ಮೂಲೆಯಲ್ಲಿ ಕೂರಿಸಿದರು. ಅಜ್ಜ ನೋಡಿದರಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಯಾವ ಜೈಲಿನಿಂದ ಬಿಡುಗಡೆಯಾಗಿ ಬಂತು?" ಎಂದು ಕೇಳಿದರಂತೆ.

ಈ ಕಥೆಯನ್ನು ಅಜ್ಜಿ ಹೇಳಿದ್ದು ತಮ್ಮ ಎಪ್ಪತ್ತೈದನೆಯ ವಯಸ್ಸಿನಲ್ಲಿ. ಅಜ್ಜನ ಸತ್ಯಾಗ್ರಹದ ಕಥೆಯನ್ನು ನಾವು ಹುಟ್ಟಿದಾಗಿನಿಂದ ಕೇಳುತ್ತಿದ್ದೆವು. ಸ್ವದೇಶಿಯ ಬಗ್ಗೆ ನನಗೆ ಗೌರವವಿದೆ. ಆ ಪಾಠ ಮಾಡುವಾಗ ಇವತ್ತಿಗೂ ನನ್ನ ದನಿ ಏರುತ್ತದೆ. ಆದರೆ ಬೆಂಕಿಗೆ ಹಾಕುವ ರಾಶಿಯಲ್ಲಿ ಮೊದಲು ಯಾರ ಪೆಟ್ಟಿಗೆ ಬರಿದಾಗುತ್ತದೆ ಎಂದು ಕೂಡ ಲೆಕ್ಕ ಇಡಬೇಕಲ್ಲವೆ? ಅಜ್ಜನ ಕೈಗಡಿಯಾರ ಪರದೇಶದ್ದೇ ಆಗಿತ್ತು. ಅದು ಕಾಲ ತೋರಿಸುವ ಉಪಯುಕ್ತ ವಸ್ತುವಾದ್ದರಿಂದ ಉಳಿಯಿತು.

ಅಜ್ಜಿ ಅದನ್ನು ಬೆಂಕಿಯಿಂದ ಉಳಿಸಿದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಅಂಗಳದಲ್ಲಿ ನಿಂತವರ ಹುಬ್ಬು ಸುಡುತ್ತಿತ್ತು. ಸೆಲ್ಯುಲಾಯ್ಡ್ ಬೆಂಕಿ ಕಂಡರೆ ಭುಗ್ಗೆಂದು ಏಳುತ್ತದೆ. 1932ರ ಡಿಸೆಂಬರ್ 16ರಂದು ತೋಕಿಯೋದ ಶಿರೊಕಿಯಾ ಎಂಬ ದೊಡ್ಡ ಅಂಗಡಿಯ ನಾಲ್ಕನೆಯ ಮಹಡಿಯಲ್ಲಿ, ಕ್ರಿಸ್‌ಮಸ್ ಮರದ ದೀಪ ಸರಿಮಾಡುವಾಗ ಹಾರಿದ ಕಿಡಿ ಸೆಲ್ಯುಲಾಯ್ಡ್ ಆಟಿಕೆಗಳಿಗೆ ತಗುಲಿ ಅಲ್ಲಿಂದ ಮೇಲಿನ ಮಹಡಿಗಳೆಲ್ಲ ಹೊತ್ತಿಕೊಂಡವು. ಹದಿನಾಲ್ಕು ಮಂದಿ ಸತ್ತರು. ನಮ್ಮ ಮನೆಗಳಲ್ಲಿ ಇದೇ ಗೊಂಬೆಗಳ ಮುಂದೆ ಒಂಬತ್ತು ದಿನ ದೀಪ ಹಚ್ಚಿ, ಕರ್ಪೂರದ ಆರತಿ ಎತ್ತುತ್ತಿದ್ದೆವು! ಹತ್ತಿಯ ಬತ್ತಿ, ಕರ್ಪೂರ, ಆ ಗೊಂಬೆ, ಮೂರೂ ಒಂದೇ ಕುಲದವು ಎಂದು ಯಾರಿಗೆ ತಿಳಿದಿತ್ತು? 1950ರ ದಶಕದಲ್ಲಿ ಬೇರೆ ಪ್ಲಾಸ್ಟಿಕ್ಕುಗಳು ಬಂದು ಸೆಲ್ಯುಲಾಯ್ಡ್ ಗೊಂಬೆಯ ಕಾಲ ಮುಗಿಯಿತು. ಕೊನೆಯವರೆಗೂ ಅದನ್ನು ಬಿಡದಿದ್ದದ್ದು ಟೇಬಲ್ ಟೆನ್ನಿಸ್ ಚೆಂಡು, ಅದೂ 2014ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬೇರೆ ಪ್ಲಾಸ್ಟಿಕ್ಕಿಗೆ ತಿರುಗಿತು.

ಜಪಾನಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅಲ್ಲಿಯೂ ಮೆಟ್ಟಿಲು ಕಟ್ಟಿ, ಕೆಂಪು ಬಟ್ಟೆ ಹಾಸಿ, ಮೇಲೆ ರಾಜ ರಾಣಿಯರನ್ನಿಟ್ಟು ಗೊಂಬೆ ಕೂರಿಸುತ್ತಾರೆ. ಮಾರ್ಚ್ 3ರಂದು, ಹೆಣ್ಣುಮಕ್ಕಳ ಹೆಸರಿನಲ್ಲಿ. ನಮಗೆ ಬಹಳ ಹತ್ತಿರದ ಹಬ್ಬ. 1927ರಲ್ಲಿ ಆ ಹಬ್ಬಕ್ಕೆಂದು ಅಮೆರಿಕದ ಮಕ್ಕಳು ಹನ್ನೆರಡು ಸಾವಿರಕ್ಕೂ ಹೆಚ್ಚು ಗೊಂಬೆಗಳನ್ನು ಸ್ನೇಹದ ಕಾಣಿಕೆಯಾಗಿ ಜಪಾನಿನ ಶಾಲೆಗಳಿಗೆ ಕಳಿಸಿದರು. ಎರಡೂ ದೇಶಗಳ ನಡುವೆ ಮನಸ್ತಾಪ ಬೆಳೆಯುತ್ತಿದ್ದ ಕಾಲ ಅದು, ಗೊಂಬೆಯಾದರೂ ಅದನ್ನು ತಗ್ಗಿಸೀತು ಎಂಬ ಆಸೆ. ಜಪಾನಿನವರು ಮರುಕಾಣಿಕೆಯಾಗಿ 58 ದೊಡ್ಡ ಗೊಂಬೆಗಳನ್ನು ಕಳಿಸಿದರು. ಹದಿನಾಲ್ಕು ವರ್ಷಕ್ಕೆ ಯುದ್ಧವೇ ಆಯಿತು. ನೀಲಿ ಕಣ್ಣಿನ ಗೊಂಬೆಗಳು ಶತ್ರುಗಳೆಂದು ಶಾಲೆಗಳಲ್ಲಿ ಸುಟ್ಟರು, ಚುಚ್ಚಿದರು. ಆದರೂ ಸುಮಾರು ಮುನ್ನೂರು ಉಳಿದುಕೊಂಡವು. ಉಳಿಸಿದವರಲ್ಲಿ ಶಾಲೆಯ ಉಪಾಧ್ಯಾಯರು, ಉಪಾಧ್ಯಾಯಿನಿಯರೂ ಇದ್ದರು. ಬೀರುವಿನ ಹಿಂದೆ, ಅಟ್ಟದಲ್ಲಿ ಬಚ್ಚಿಟ್ಟಿದ್ದರು, ಸಿಕ್ಕಿಬಿದ್ದರೆ ದೇಶದ್ರೋಹದ ಮಾತು ಬರುತ್ತಿದ್ದ ದಿನಗಳಲ್ಲಿ. ಬೇಳೆ ಡಬ್ಬದ ಅಜ್ಜಿ ನನಗೆ ನೆನಪಾದದ್ದು ಇದನ್ನು ಓದಿದಾಗ.

ಇನ್ನು ರಿಪೇರಿಯ ವಿಷಯ. ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ನಮ್ಮ ಬೀದಿಯ ಹೆಂಗಸರು ಚೀಲ ಹಿಡಿದು ಬರುತ್ತಾರೆ. "ಟೀಚರೇ, ಇದರ ಕೈ ಬಿದ್ದಿದೆ ನೋಡಿ" ಎನ್ನುತ್ತಾರೆ. ನಾನು ಯಾವ ತರಬೇತಿಯನ್ನೂ ಪಡೆದವಳಲ್ಲ, ಓದಿ, ನೋಡಿ, ನಿಧಾನವಾಗಿ ಕಲಿತದ್ದು. ನನ್ನ ಸಲಕರಣೆ ಎಂದರೆ ಒಂದು ಮೆತ್ತನೆಯ ಕುಂಚ, ಹಳೆಯ ಮಲ್ ಪಂಚೆಯ ತುಂಡು, ಕಿವಿಗೆ ಹಾಕುವ ಹತ್ತಿಕಡ್ಡಿ, ಭೂತಗನ್ನಡಿ, ಕ್ರೋಶಾ ಕಡ್ಡಿ, ಟೈಲರ್ ಅಂಗಡಿಯ ದುಂಡನೆಯ ಎಲಾಸ್ಟಿಕ್. ಮೊದಲ ಕೆಲಸ ಗೊಂಬೆ ಯಾವುದರದು ಎಂದು ತಿಳಿಯುವುದು. ಮಣ್ಣಿನದಕ್ಕೆ ನೀರು ಸೋಕಬಾರದು, ಒಣ ಕುಂಚವೇ ಸಾಕು. ಪಿಂಗಾಣಿಗೆ ಬಣ್ಣ ಹಾಕಿ ಸುಟ್ಟಿದ್ದರೆ ಸೋಪಿನ ನೀರಿಗೆ ಅದು ಹೆದರುವುದಿಲ್ಲ. ಆದರೆ ಅಗ್ಗದ ಗೊಂಬೆಗಳಲ್ಲಿ ಸುಟ್ಟ ಮೇಲೆ ಬಣ್ಣ ಬಳಿದಿರುತ್ತಾರೆ, ಒಂದೇ ಸಲ ತೊಳೆದರೂ ಮುಖ ಬೋಳಾಗುತ್ತದೆ. ಅದಕ್ಕೇ ಬೆನ್ನಿನ ಕೆಳಗೆ, ಕಾಣದ ಕಡೆ, ಒದ್ದೆ ಹತ್ತಿಯಿಂದ ಮುಟ್ಟಿ ನೋಡಬೇಕು. ಚನ್ನಪಟ್ಟಣದ ಗೊಂಬೆಯ ಮೈಬಣ್ಣ ಅರಗಿನದು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಬಿಸಿಗೆ ಕರಗಿ ಮರವನ್ನು ಹಿಡಿಯುತ್ತದೆ. ಈಗಿನವರು ಕೈಗೆ ಹಾಕುವ ಸ್ಯಾನಿಟೈಸರಿನಿಂದ ಅದನ್ನು ಒರೆಸಲು ಹೋಗುತ್ತಾರೆ. ಸ್ಪಿರಿಟ್ ಬಿದ್ದರೆ ಅರಗು ಕರಗುತ್ತದೆ, ಬಣ್ಣವೆಲ್ಲ ಬಟ್ಟೆಗೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಲ್ಲಿ ಹುಣಸೆಬೀಜದ ಸರಿ ಕಲಸಿದ ಕಿಟ್ಟವಿರುತ್ತದೆ, ಅದಕ್ಕೆ ನೀರೇ ಶತ್ರು.

ಸೆಲ್ಯುಲಾಯ್ಡಿನ ಗೊಂಬೆಗೆ ಉಗುರುಬಣ್ಣ ತೆಗೆಯುವ ದ್ರಾವಣ ಮುಟ್ಟಿಸಲೇಬಾರದು, ಗೊಂಬೆಯೇ ಕರಗುತ್ತದೆ. ಕೈ ಬಿದ್ದಿದ್ದರೆ ಹೆಚ್ಚಾಗಿ ಒಳಗಿನ ಎಲಾಸ್ಟಿಕ್ ಕೊಳೆತಿರುತ್ತದೆ ಅಷ್ಟೆ. ಹೊಸದನ್ನು ಒಂದು ತೋಳಿನಿಂದ ತೂರಿಸಿ, ಕ್ರೋಶಾ ಕಡ್ಡಿಯಿಂದ ಇನ್ನೊಂದು ಕಡೆಗೆ ಎಳೆದು ಗಂಟು ಹಾಕಿದರೆ ಆಯಿತು. ಬಿಗಿ ಹೆಚ್ಚಾದರೆ ಭುಜ ಸೀಳುತ್ತದೆ, ಮಗು ಸ್ವಲ್ಪ ಕೈ ಜೋಲಿಸಿಕೊಂಡಿದ್ದರೂ ಪರವಾಗಿಲ್ಲ. ನುಸಿಗುಳಿಗೆ ಹಾಕಿಡುವ ಅಭ್ಯಾಸ ನಮ್ಮ ಹೆಂಗಸರಿಗಿದೆ, ಅದು ಪ್ಲಾಸ್ಟಿಕ್ ಜಾತಿಯ ಗೊಂಬೆಗಳನ್ನು ಮೆತ್ತಗೆ ಮಾಡಿಬಿಡುತ್ತದೆ. ಇನ್ನು ಒಡೆದದ್ದನ್ನು ಅಂಟಿಸುವುದಿದ್ದರೆ, ಮುಂದೆ ಯಾರಾದರೂ ಬಿಡಿಸಲು ಸಾಧ್ಯವಾಗುವ ಅಂಟನ್ನೇ ಹಾಕಬೇಕು. ವಸ್ತುಸಂಗ್ರಹಾಲಯದವರು ಪಾಲಿಸುವ ನಿಯಮ ಇದು: ನಾವು ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆಯುವಂತಿರಬೇಕು. ಹೊಲಿಗೆ ಬಲ್ಲವರಿಗೆ ಇದು ಹೊಸದಲ್ಲ, ಬೆಳೆಯುವ ಹುಡುಗಿಯ ಲಂಗಕ್ಕೆ ನಾವು ಹಾಕುವ ಕಚ್ಚಾ ಹೊಲಿಗೆಯಂತೆ.

ಬಣ್ಣ ಹೊಡೆಯುವ ಬಗ್ಗೆ ಮಾತ್ರ ನನಗೂ ನನ್ನ ಗೆಳತಿಯರಿಗೂ ಜಗಳ. ಪರಿಚಯದ ಒಬ್ಬರು ತಮ್ಮ ತಾಯಿಯ ರಕ್ತಚಂದನದ ರಾಣಿಯನ್ನು ತಂದಿದ್ದರು. ಮೂಗು ಸವೆದು ನುಣ್ಣಗಾಗಿತ್ತು, ಕಾಲಿನ ಬಳಿ ಚಿಕ್ಕ ಚಿಕ್ಕ ಗುಳಿಗಳು. ಹಲ್ಲು ಬರುವ ಕಾಲದಲ್ಲಿ ಯಾವುದೋ ಮಗು ಕಚ್ಚಿದ ಗುರುತು. ಅದು ತಾವೇ ಇರಬಹುದು ಎಂದು ಅವರೇ ನಗುತ್ತ ಹೇಳಿದರು. "ಮುಖ ಕೆತ್ತಿಸಿ, ಎನಾಮಲ್ ಪೇಂಟ್ ಹೊಡೆದುಕೊಡಿ, ಸೊಸೆ ಬರುವ ವರ್ಷ" ಎಂದರು. ಧೂಳು ತೆಗೆದು, ಹೊಸ ಜರಿಯ ತುಂಡು ಉಡಿಸಿ ಕೊಟ್ಟೆ, ಬಣ್ಣ ಮುಟ್ಟಿಸಲಿಲ್ಲ. ಅವರಿಗೆ ಬೇಸರವಾಯಿತು. ಬೇರೆ ಕಡೆ ಕೊಟ್ಟು ಹೊಳಪು ಮಾಡಿಸಿದರು. ಈಗ ಆ ರಾಣಿಗೆ ದಪ್ಪ ಹುಬ್ಬು, ಕೆಂಪು ತುಟಿ, ಮೂಗುತಿ ಎಲ್ಲ ಇದೆ. ಅಂಗಡಿಯಲ್ಲಿ ಅಂಥ ಗೊಂಬೆ ಬೇಕಾದಷ್ಟು ಸಿಗುತ್ತದೆ. ಹಲ್ಲಿನ ಗುರುತಿನದು ಅದೊಂದೇ ಇತ್ತು. ನಮ್ಮ ಅಜ್ಜಿ ಮುತ್ತಜ್ಜಿಯರು ಪತ್ರ ಬರೆದಿಟ್ಟವರಲ್ಲ, ದಿನಚರಿ ಬರೆದವರಲ್ಲ, ಎಷ್ಟೋ ಜನಕ್ಕೆ ಅಕ್ಷರವೇ ಬರುತ್ತಿರಲಿಲ್ಲ. ಅವರು ಬದುಕಿದ್ದಕ್ಕೆ ಸಾಕ್ಷಿ ಎಂದರೆ ಇಂಥ ಸವೆತಗಳೇ.

ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು ಕಟ್ಟಿದ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯವಿದೆ, 1965ರಲ್ಲಿ ಆರಂಭವಾದದ್ದು. ಶಾಲಾ ಪ್ರವಾಸದಲ್ಲಿ ಹೋಗಿದ್ದೆ. ದೇಶದೇಶದ ಉಡುಗೆ ತೊಟ್ಟ ಸಾವಿರಾರು ಗೊಂಬೆಗಳು, ಮಕ್ಕಳಿಗೆ ಖಂಡಿತ ತೋರಿಸಬೇಕಾದ ಜಾಗ. ಆದರೆ ಅವುಗಳಲ್ಲಿ ಬಹುಪಾಲು ಗಾಜಿನ ಹಿಂದೆ ನಿಲ್ಲಲೆಂದೇ ಹುಟ್ಟಿದವು. ಯಾರೂ ಕೂಡಿಸಿಕೊಂಡು ಊಟ ಮಾಡಿಸಿದವಲ್ಲ. ನನಗೆ ಬೇಗ ಹೊರಟುಬರಬೇಕೆನ್ನಿಸಿತು.

ಅಜ್ಜಿ 2004ರಲ್ಲಿ ತೀರಿಕೊಂಡ ಮೇಲೆ ಬೇಳೆ ಡಬ್ಬದ ಗೊಂಬೆ ಅಮ್ಮನಿಗೆ, ಅಮ್ಮನ ಜೊತೆ ನಮ್ಮ ಮನೆಗೆ ಬಂತು. ನಾಲ್ಕು ವರ್ಷದ ಹಿಂದೆ, ಒಂದು ಮಳೆಗಾಲದಲ್ಲಿ, ಅದರ ಕಾಲಿಗೆ ಹಾಕಿದ್ದ ಹಿತ್ತಾಳೆ ತಂತಿಯ ಗೆಜ್ಜೆ ಹಸುರುಗಟ್ಟಿದ್ದನ್ನು ನೋಡಿದೆ. ಮೈ ಹಳದಿಯಾಗಿ, ಸ್ವಲ್ಪ ಅಂಟಂಟು. ಮೂಸಿದರೆ ಕರ್ಪೂರದ ಜೊತೆಗೆ ಮೂಗು ಚುಚ್ಚುವ ಹುಳಿವಾಸನೆ. ಕಿವಿಯ ಹಿಂದೆ ಕೂದಲೆಳೆಯ ಬಿರುಕು. ಸೆಲ್ಯುಲಾಯ್ಡಿಗೆ ಬರುವ ಮುಪ್ಪು ಇದು. ಕರ್ಪೂರ ವರ್ಷಾನುಗಟ್ಟಲೆ ಆವಿಯಾಗುತ್ತ ಹೋಗುತ್ತದೆ, ಉಳಿದದ್ದು ಒಡೆದು ಆಮ್ಲದ ಹೊಗೆಯನ್ನು ಬಿಡುತ್ತದೆ. ಆ ಹೊಗೆ ತನ್ನನ್ನೂ ತಿನ್ನುತ್ತದೆ, ಪಕ್ಕದವರನ್ನೂ ತಿನ್ನುತ್ತದೆ. ಇದಕ್ಕೆ ಔಷಧಿಯಿಲ್ಲ. ತಂಪಾದ, ಗಾಳಿಯಾಡುವ, ಬಿಸಿಲು ಬೀಳದ ಜಾಗದಲ್ಲಿ, ಬೇರೆ ಗೊಂಬೆಗಳಿಂದ ದೂರ, ಒಂಟಿಯಾಗಿ ಇಡಬೇಕು. ಜೋಪಾನ ಮಾಡುತ್ತೇವೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಬೇಗ ಸಾಯುತ್ತದೆ. ದೀಪದ ಹತ್ತಿರವಂತೂ ಬೇಡವೇ ಬೇಡ.

ಅಮ್ಮನಿಗೆ ಎಂಬತ್ತರ ಮೇಲಾಗಿದೆ. ಗೊಂಬೆಯನ್ನು ಇನ್ನು ಮೆಟ್ಟಿಲಿಗೆ ಇಡಲಾಗದು ಎಂದಾಗ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. "ನಿಮ್ಮಜ್ಜ ಸುಡೋಕೆ ಹೋದಾಗಲೂ ಉಳೀತು, ಈಗ ನೀನು ಓದಿದೋಳು ಹೊರಗೆ ಹಾಕ್ತೀಯಾ?" ಎಂದರು. ಚಂದದ ಫೋಟೋ ತೆಗೆಸಿ, ಕಟ್ಟು ಹಾಕಿಸಿ, ಅದನ್ನೇ ಇಡೋಣ ಎಂದು ಹೇಳಿ ನೋಡಿದೆ. "ಫೋಟೋ ಇಡೋದು ಸತ್ತೋರದ್ದು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ವರ್ಷವೆಲ್ಲ ಅದು ಒಳಕೋಣೆಯ ಎತ್ತರದ ಗೂಡಿನಲ್ಲಿ, ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯೊಳಗೆ, ಬಿಳಿಯ ಹತ್ತಿಬಟ್ಟೆಯ ಮೇಲೆ ಮಲಗಿರುತ್ತದೆ. ಗೆಜ್ಜೆ ಬಿಚ್ಚಿಟ್ಟಿದ್ದೇನೆ. ವಿಜಯದಶಮಿಯ ದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ, ದೀಪ ಆರಿದ ಮೇಲೆ, ಕಿಟಕಿಯ ಬಳಿ ಪ್ರತ್ಯೇಕ ಮಣೆ ಹಾಕಿ ಅದನ್ನು ಕೂರಿಸುತ್ತೇವೆ. ಆರತಿಯಿಲ್ಲ, ಅರಿಶಿನ ಕುಂಕುಮ ಮಾತ್ರ, ಅದೂ ಮಣೆಗೆ. ಬೀದಿಯ ಮಕ್ಕಳಿಗೆ ಈ ಒಂದು ಗಂಟೆಯ ವಿಷಯ ಹೇಗೋ ತಿಳಿದು, ಅಷ್ಟು ಹೊತ್ತಿಗೆ ಸರಿಯಾಗಿ ಬರುತ್ತಾರೆ. ಅಮ್ಮ ಅವರಿಗೆ ಬೇಳೆ ಡಬ್ಬದ ಕಥೆ ಹೇಳುತ್ತಾರೆ. ಹೇಳುವಾಗ ಅಜ್ಜನ ಕೈಗಡಿಯಾರದ ಭಾಗವನ್ನು ಬಿಡುವುದಿಲ್ಲ.

ಈ ಮಳೆಗಾಲದಲ್ಲಿ ಬಿರುಕು ಕಿವಿಯಿಂದ ಕುತ್ತಿಗೆಯವರೆಗೆ ಇಳಿದಿದೆ. ವಾರಕ್ಕೊಮ್ಮೆ ನಾನು ಸ್ಟೂಲು ಹತ್ತಿ ನೋಡಿ ಇಳಿಯುವುದನ್ನೇ ಕಾಯುತ್ತಿದ್ದು, ಅಮ್ಮ "ಹೇಗಿದೆಯೇ?" ಎಂದು ಕೇಳುತ್ತಾರೆ, ಆಸ್ಪತ್ರೆಯಲ್ಲಿರುವ ನೆಂಟರನ್ನು ಕೇಳುವ ಹಾಗೆ. ಹೋದ ಭಾನುವಾರ, ಕೈ ಇನ್ನೂ ಆಡುತ್ತಿದೆ ಅಂದೆ.